ಹಳೆಯ ಸೇನಾ ರೈಫಲ್: ಬೆಲೆ ನಿರ್ಧರಿಸುವುದು ಹೇಗೆ?



ಹಳೆಯದೆಲ್ಲವೂ ಬೆಲೆಬಾಳುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಸಂಗ್ರಾಹಕರ ಲೆಕ್ಕಾಚಾರವೇ ಬೇರೆ. .303 ಲೀ-ಎನ್‌ಫೀಲ್ಡ್ ರೈಫಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಹಿಡಿದಿದ್ದ ಈ ರೈಫಲ್ ಹತ್ತಾರು ಲಕ್ಷ ಸಂಖ್ಯೆಯಲ್ಲಿ ತಯಾರಾಯಿತು. ಆದ್ದರಿಂದ ವಯಸ್ಸೊಂದೇ ಇದರ ಬೆಲೆಯನ್ನು ಏರಿಸುವುದಿಲ್ಲ. ಇದರ ಮೇಲಿನ ಗುರುತುಗಳು ಒಂದಕ್ಕೊಂದು ತಾಳೆಯಾಗಬೇಕು.

ಮರದ ಹಿಡಿ ಉಕ್ಕಿನ ಭಾಗವನ್ನು ಸೇರುವಲ್ಲಿ, ಬಲಬದಿಯಲ್ಲಿ, ಕಿರೀಟದ ಚಿಹ್ನೆ, ದೊರೆಯ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು ಮತ್ತು ಇಸವಿ ಇರುತ್ತವೆ. ಇಂಗ್ಲೆಂಡಿನ ಎನ್‌ಫೀಲ್ಡ್, ಆಸ್ಟ್ರೇಲಿಯದ ಲಿತ್‌ಗೋ, ಬಂಗಾಳದ ಇಶಾಪುರ ಇವು ಪ್ರಸಿದ್ಧ ಕಾರ್ಖಾನೆಗಳು. ಯಾವ ಕಾರ್ಖಾನೆ, ಯಾವ ವರ್ಷ ಎಂಬುದರಿಂದ ಆ ರೈಫಲ್ ಎಷ್ಟು ವಿರಳ ಎಂದು ತಿಳಿಯುತ್ತದೆ.

ಎರಡನೆಯದು ಕ್ರಮಸಂಖ್ಯೆ. ನಳಿಗೆ, ಬೋಲ್ಟ್ ಮುಂತಾದ ಭಾಗಗಳ ಮೇಲೆ ಒಂದೇ ಸಂಖ್ಯೆ ಇದ್ದರೆ ಅವು ಮೊದಲಿನಿಂದಲೂ ಜೊತೆಗಿದ್ದವು ಎಂದು ಭಾವಿಸಬಹುದು. ಅಂಥದ್ದಕ್ಕೆ ಹೆಚ್ಚು ಬೆಲೆ. ಸೇನೆಯ ದುರಸ್ತಿ ಶಾಲೆಗಳಲ್ಲಿ ಭಾಗಗಳು ಬದಲಾಗುತ್ತಿದ್ದುದರಿಂದ ಎಲ್ಲ ಸಂಖ್ಯೆಗಳೂ ಹೊಂದುವ ರೈಫಲ್‌ಗಳು ಕಡಿಮೆ.

ಮೂರನೆಯದು ಸ್ಥಿತಿ. ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಲವಣ ಉಳಿಯುತ್ತಿತ್ತು. ಅದು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತಿತ್ತು. ಆದ್ದರಿಂದ ಪರೀಕ್ಷಕರು ನಳಿಗೆಯ ಒಳಭಾಗವನ್ನು ತಪ್ಪದೆ ನೋಡುತ್ತಾರೆ. ಮರವನ್ನು ಉಜ್ಜಿ, ಉಕ್ಕಿಗೆ ಪಾಲಿಶ್ ಹಾಕಿದರೆ ರೈಫಲ್ ಅಂದವಾಗಿ ಕಾಣಬಹುದು. ಆದರೆ ಗುರುತುಗಳು ಸವೆದು ಬೆಲೆ ಇಳಿಯುತ್ತದೆ.

ಖೋಟಾ ಮಾಲು ಪತ್ತೆಯಾಗುವುದೂ ಈ ಗುರುತುಗಳಿಂದಲೇ. ಇಂದಿನ ಪಾಕಿಸ್ತಾನದ ದರ್ರಾ ಆದಮ್ ಖೇಲ್ ಊರಿನ ಕುಶಲಕರ್ಮಿಗಳು ಬ್ರಿಟಿಷ್ ರೈಫಲ್‌ಗಳನ್ನು ನೋಡಿ ನಕಲು ತಯಾರಿಸುತ್ತಿದ್ದರು. ಅಂಥ ನಕಲುಗಳಲ್ಲಿ ಅಕ್ಷರಗಳು ತಿರುಗುಮುರುಗಾಗಿರುವುದುಂಟು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಒಂದು ರೈಫಲಿನ ಮೇಲೆ ಆಕೆಯ ‘ವಿ.ಆರ್.’ ಅಕ್ಷರಗಳೂ, ಅದರ ಕೆಳಗೆ 1914 ಎಂಬ ಇಸವಿಯೂ ಇದ್ದರೆ ಏನರ್ಥ? ನೀವೇ ಯೋಚಿಸಿ. ಇತಿಹಾಸ ಓದಿದವರನ್ನು ಇಂಥ ಮಾಲು ಮೋಸಗೊಳಿಸಲಾರದು.

ಇಲ್ಲಿ ಬೆಲೆಗಿಂತ ದೊಡ್ಡ ಪ್ರಶ್ನೆಯೊಂದಿದೆ. ಬೋಲ್ಟು ಸರಿಯಾಗಿ ಕೂರದಿದ್ದರೆ, ಉಕ್ಕು ಕಳಪೆಯಾಗಿದ್ದರೆ, ಗುಂಡು ಹಾರಿಸುವಾಗ ರೈಫಲ್ ಸಿಡಿದು ಹಾರಿಸಿದವನಿಗೇ ಅಪಾಯವಾಗಬಹುದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಇದೆ. ಕಾನೂನಿನ ವಿನಾಯಿತಿ ಇದ್ದವರ ಹೊರತು ಬೇರೆಯವರು ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. ಮನೆಯ ಅಟ್ಟದಲ್ಲಿ ಹಳೆಯ ಕೋವಿ ಸಿಕ್ಕಿದರೆ ಅದನ್ನು ಮುಟ್ಟಬೇಡಿ, ಉಜ್ಜಬೇಡಿ. ಹಿರಿಯರಿಗೆ ತಿಳಿಸಿ, ಅವರ ಮೂಲಕ ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಲಿ. ಗುರುತುಗಳನ್ನು ಓದುವ ಅಭ್ಯಾಸಕ್ಕೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೇ ತಕ್ಕ ಪಾಠಶಾಲೆ.