ಒಂದು ಕಥನ, ಹಲವು ಪ್ರಕಾರ: ‘ಗೃಹಭಂಗ’ದ ಪಾತ್ರಲೋಕ

ಸಾಹಿತ್ಯ ಪ್ರಕಾರವೆಂಬುದು ಇಡೀ ಕೃತಿಯ ಲಕ್ಷಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೃತಿಯೊಂದನ್ನು ದುರಂತವೆಂದೋ ಪ್ರಹಸನವೆಂದೋ ಹೆಸರಿಸುವುದು ವಾಡಿಕೆ. ಬಹುಪಾತ್ರಗಳ ಕಿರುತೆರೆ ಧಾರಾವಾಹಿಯು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಅಲ್ಲಿ ಒಂದೇ ಕಥೆಯೊಳಗಿನ ಪಾತ್ರಗಳು ಬೇರೆ ಬೇರೆ ಪ್ರಕಾರಗಳಲ್ಲಿ ಬದುಕಬಲ್ಲವು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, 2000ರ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಪ್ರಸಾರವಾದ ಧಾರಾವಾಹಿಯ ಕಥಾವಸ್ತು ಇದಕ್ಕೆ ಉತ್ತಮ ನಿದರ್ಶನ.

ಇದನ್ನು ಎರಡು ಪರಿಚಿತ ಪರಿಕಲ್ಪನೆಗಳಿಂದ ಬೇರ್ಪಡಿಸಿ ನೋಡಬೇಕು. ಕುರೊಸಾವನ ‘ರಾಶೊಮನ್’ (1950) ಚಿತ್ರದಲ್ಲಿ ನಿರೂಪಕರು ಬದಲಾದಂತೆ ನಡೆದ ಸಂಗತಿಯೇ ಬದಲಾಗುತ್ತದೆ. ಇಲ್ಲಿ ಸಂಗತಿಗಳ ಬಗೆಗೆ ವಿವಾದವಿಲ್ಲ. ಅವುಗಳ ಅರ್ಥದ ಬಗೆಗೆ ಮಾತ್ರ ಭಿನ್ನತೆಯಿದೆ. ಆನಂದವರ್ಧನನು ವಿವೇಚಿಸುವ ಅಂಗಿರಸ-ಅಂಗರಸಗಳ ಸಂಬಂಧವಾದರೋ ಕೃತಿಯ ಒಟ್ಟು ಬಂಧಕ್ಕೆ ಸೇರಿದ್ದು. ಪಾತ್ರವು ತನ್ನ ಬದುಕನ್ನು ಯಾವ ಬಗೆಯ ಕಥೆಯೆಂದು ತಿಳಿದಿದೆ ಎಂಬ ಪ್ರಶ್ನೆ ಅಲ್ಲಿ ಮುಖ್ಯವಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪೂರ್ವನಿದರ್ಶನ ರನ್ನನ ‘ಗದಾಯುದ್ಧ’. ಭೀಮನಿಗೆ ವಿಜಯಕಾವ್ಯವಾದುದೇ ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ ದುರಂತವಾಗುತ್ತದೆ. ವಿದೂಷಕನಿಗೂ ಅದೇ ಕಾವ್ಯದಲ್ಲಿ ಎಡೆಯಿದೆ.

‘ಗೃಹಭಂಗ’ದ ಹಿನ್ನೆಲೆ ಬರಗಾಲ, ಪ್ಲೇಗು ಮತ್ತು ಬಡತನ. ನಂಜಮ್ಮನಿಗೆ ಇದು ದುರಂತಕಥೆ. ಗಂಡನ ಶಾನುಭೋಗಿಕೆಯ ಲೆಕ್ಕಗಳನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸಿದರೂ ಪ್ಲೇಗು ಅವಳ ಮಕ್ಕಳನ್ನು ಕಸಿಯುತ್ತದೆ. ಕೊನೆಗೆ ಅವಳನ್ನೂ ಬಿಡುವುದಿಲ್ಲ. ಹೊಟ್ಟೆಯ ಚಿಂತೆಯನ್ನು ದಾಟದ ಚೆನ್ನಿಗರಾಯನು ಅದೇ ಮನೆಯಲ್ಲಿ ಪ್ರಹಸನವೊಂದರ ಪಾತ್ರದಂತೆ ಬದುಕುತ್ತಾನೆ. ಊರು ಬಿಟ್ಟು ಹೋಗಿ ಮರಳುವ ಕಂಠೀಜೋಯಿಸರದು ಸಾಹಸಕಥೆ. ಮಾದೇವಯ್ಯನವರದು ವೈರಾಗ್ಯದ ಕಥನ. ಗಂಗಮ್ಮನ ಪಾಲಿಗೆ ಎಲ್ಲವೂ ಅತ್ತೆ-ಸೊಸೆಯರ ಹಗೆತನದ ಕಥೆ. ಕಿರುತೆರೆಯಲ್ಲಿ ಅತ್ಯಂತ ಬಳಕೆಯಲ್ಲಿರುವ ಪ್ರಕಾರವು ಇಲ್ಲಿ ಒಂದು ಪಾತ್ರದ ದೃಷ್ಟಿಯಾಗಿ ಮಾತ್ರ ಉಳಿಯುತ್ತದೆಂಬುದು ಗಮನಾರ್ಹ.

ಈ ಪ್ರಕಾರಗಳು ಕೇವಲ ಅಕ್ಕಪಕ್ಕದಲ್ಲಿಲ್ಲ, ಒಂದನ್ನೊಂದು ಅವಲಂಬಿಸಿವೆ. ಚೆನ್ನಿಗರಾಯನ ಪ್ರಹಸನ ಸಾಗುವುದು ನಂಜಮ್ಮನ ದುಡಿಮೆಯಿಂದ. ಅವನು ಹೊಣೆ ಹೊತ್ತಿದ್ದರೆ ಅವನ ಪ್ರಹಸನವೂ ನಿಲ್ಲುತ್ತಿತ್ತು, ಅವಳ ಹೊರೆಯೂ ಇಳಿಯುತ್ತಿತ್ತು. ಕಂಠೀಜೋಯಿಸರ ಸಾಹಸಕ್ಕೂ ಬೆಲೆಯಿದೆ: ತಂದೆ ಊರಲ್ಲಿಲ್ಲದ ವರ್ಷಗಳಲ್ಲಿ ಮಗಳಿಗೆ ತವರಿನ ಆಸರೆ ಕುಂದುತ್ತದೆ. ಹೀಗೆ, ಯಾರಿಗೆ ಯಾವ ಪ್ರಕಾರ ದಕ್ಕುತ್ತದೆ ಎಂಬುದು ಮನೆಯೊಳಗಿನ ಹೊಣೆಗಾರಿಕೆಯ ಹಂಚಿಕೆಯನ್ನೇ ಸೂಚಿಸುತ್ತದೆ. ಹಗುರವಾದ ಕಥೆಯಲ್ಲಿ ಬದುಕುವುದು ಒಂದು ಸವಲತ್ತು; ಅದರ ಭಾರ ಬೇರೊಬ್ಬರ ಮೇಲಿರುತ್ತದೆ.

ಧಾರಾವಾಹಿಯ ರಚನೆ ಇಂಥ ಓದಿಗೆ ಅನುಕೂಲಕರವಾಗಿದೆ. ಕಂತುಕಂತಾಗಿ ಸಾಗುವ ಕಥನವು ಪ್ರತಿ ಪಾತ್ರದೊಡನೆ ಪ್ರತ್ಯೇಕವಾಗಿ ಕಾಲ ಕಳೆಯಬಲ್ಲದು. ಒಂದು ದೃಶ್ಯಕ್ಕೆ ನಕ್ಕ ಪ್ರೇಕ್ಷಕನು ಮುಂದಿನದರಲ್ಲಿ ಆ ನಗೆಯ ಬೆಲೆಯನ್ನು ಕಾಣುತ್ತಾನೆ. ಆದ್ದರಿಂದ ಧಾರಾವಾಹಿಗಳನ್ನು ‘ಕೌಟುಂಬಿಕ’ವೆಂಬ ಒಂದೇ ಹಣೆಪಟ್ಟಿಯಡಿ ವರ್ಗೀಕರಿಸುವ ವಿಮರ್ಶಾಕ್ರಮ ಸಾಲದು. ಕೊನೆಯಲ್ಲಿ ಮಾದೇವಯ್ಯನವರೊಡನೆ ಊರು ಬಿಡುವ ಬಾಲಕ ವಿಶ್ವನ ಕಥೆ ಯಾವ ಪ್ರಕಾರದ್ದೆಂದು ಕೃತಿ ಹೇಳುವುದಿಲ್ಲ. ಹಿರಿಯರ ಕಥೆಗಳೆಲ್ಲ ಮುಗಿದ ಮೇಲೆ, ಇನ್ನೂ ಹೆಸರಿಡದ ಕಥೆಯೊಂದು ಅವನ ಪಾಲಿಗೆ ಉಳಿಯುತ್ತದೆ.