ಬೇಡವಾದ ಗುಳ್ಳೆ, ಬಾರದ ಗುಳ್ಳೆ

ಹೊಳೆನರಸೀಪುರದ ಬಳಿ ಹೇಮಾವತಿಯ ದಂಡೆಯಲ್ಲಿ ಪಂಪೊಂದು ಸದ್ದುಮಾಡುತ್ತ ತಿರುಗುತ್ತಿದೆಯೆಂದು ಭಾವಿಸೋಣ. ಹೊಳೆಯಲ್ಲಿ ನೀರಿದೆ, ಮೋಟಾರಿನಲ್ಲಿ ದೋಷವಿಲ್ಲ. ಆದರೂ ಕೊಳವೆಯ ಬಾಯಲ್ಲಿ ಹನಿ ನೀರಿಲ್ಲ, ಗದ್ದೆಯ ಪೈರು ಬಾಡುತ್ತಿದೆ. 'ಏರ್ ಹಿಡಿದಿದೆ' ಎಂದು ರೈತರು ಎರಡೇ ಮಾತಿನಲ್ಲಿ ಹೇಳುವುದನ್ನು ವಿವರಿಸಲು ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಒಂದು ಪುಟವೇ ಬೇಕು!

ಪಂಪು ನೀರನ್ನು ಎಳೆಯುತ್ತದೆಂಬುದು ರೂಢಿಯ ಮಾತು. ವಾಸ್ತವವಾಗಿ ಕೆಳಗಿನಿಂದ ನೀರನ್ನು ನೂಕುವುದು ವಾಯುಮಂಡಲದ ಒತ್ತಡ. ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲುದು. ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ 9.2 ಮೀಟರನ್ನು ಮಾತ್ರ. ಪಂಪಿನ ಚಕ್ರವು ತನ್ನೊಳಗಿನ ನೀರನ್ನು ಹೊರಕ್ಕೆಸೆದು ನಡುವೆ ಒತ್ತಡವನ್ನು ತಗ್ಗಿಸಿದರೆ ಹೊಳೆಯ ನೀರು ಮೇಲೇರುತ್ತದೆ. ಗಾಳಿಯಾದರೋ ನೀರಿಗಿಂತ ಸುಮಾರು 800 ಪಾಲು ಹಗುರ. ಅದನ್ನೆಷ್ಟು ವೇಗವಾಗಿ ಎಸೆದರೂ ಒತ್ತಡ ಸಾಕಷ್ಟು ತಗ್ಗದು. ಆದುದರಿಂದಲೇ ಮೊದಲು ಪಂಪಿಗೆ ನೀರು ತುಂಬಿಸಬೇಕು.

ತುಂಬಿಸಿದ ನೀರು ನಿಲ್ಲದಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ನೀರು ನಿಂತರೂ, ಓಡುವಾಗ ಮತ್ತೆ ಗಾಳಿ ಹಿಡಿದರೆ ಹೀರುಕೊಳವೆಯ ಕೀಲುಗಳನ್ನು ಶಂಕಿಸಬೇಕು. ಇಲ್ಲೊಂದು ಸ್ವಾರಸ್ಯವಿದೆ. ಓಡುವ ಪಂಪಿನ ಹೀರುಕೊಳವೆಯಲ್ಲಿ ಬಿರುಕಿದ್ದರೂ ಹೊರಗೆ ಹನಿಯೂ ಸೋರದು. ಒಳಗಿನ ಒತ್ತಡ ಕಡಿಮೆಯಾದುದರಿಂದ ಗಾಳಿಯೇ ಒಳನುಗ್ಗುತ್ತದೆ. ಕಣ್ಣಿಗೆ ಕಾಣದ ಈ ಕಳ್ಳನನ್ನು ಹಿಡಿಯಲು ಕೀಲುಗಳಿಗೆ ಸಾಬೂನಿನ ನೊರೆ ಬಳಿಯಿರಿ. ನೊರೆ ಎಲ್ಲಿ ಒಳಕ್ಕೆ ಹೀರಿಹೋಗುವುದೋ ಅಲ್ಲಿದೆ ಬಿರುಕು. ಹೊಳೆಯ ಮಟ್ಟ ಇಳಿದು ಫುಟ್‌ವಾಲ್ವಿನ ಮೇಲೆ ಸುಳಿ ಎದ್ದರೂ ಗಾಳಿ ಒಳಸೇರುವುದುಂಟು.

ಅರಕಲಗೂಡಿನ ಕಡೆ ಕಾವೇರಿಯ ದಡದಲ್ಲಿ ಡೀಸೆಲ್ ಇಂಜಿನ್ ಇಟ್ಟವರಿಗೆ ಇನ್ನೊಂದು ಗುಳ್ಳೆಯ ಕಾಟ. ಎಣ್ಣೆ ಮುಗಿದು ಇಂಜಿನ್ ನಿಂತ ಬಳಿಕ ಮತ್ತೆ ಎಣ್ಣೆ ಹಾಕಿದರೂ ಅದು ಹೊರಡದು. ದ್ರವವು ಒತ್ತಿದರೆ ಕುಗ್ಗುವುದು ಅತ್ಯಲ್ಪ. ಗಾಳಿ ಸ್ಪಂಜಿನಂತೆ ಕುಗ್ಗುತ್ತದೆ. ಎಣ್ಣೆ ಚಿಮ್ಮಲು ಬೇಕಾದ ಒತ್ತಡವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ವ್ಯಯವಾಗುತ್ತದೆ. ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕೈಪಂಪನ್ನು ಒತ್ತುವುದೇ ಮದ್ದು.

ಇನ್ನು ಬಾರದ ಗುಳ್ಳೆ. ಚನ್ನರಾಯಪಟ್ಟಣದ ಕೊಳವೆಬಾವಿಯೊಂದರ ನೀರು ಗಡಸಾಗಿದ್ದರೆ, ಅದರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನನ್ನು ಕರಗದ ಬಿಳಿಯ ಗಷ್ಟಾಗಿ ಮಾಡುತ್ತವೆ. ನೊರೆಗೆ ಉಳಿಯುವುದೇನು? ಸಾಬೂನನ್ನು ಹಳಿಯುವ ಮುನ್ನ ಅದೇ ತುಂಡನ್ನು ಮಳೆನೀರಿನಲ್ಲಿ ಉಜ್ಜಿ ನೋಡಿರಿ.

ಹಾಸನದ ಡಿಸೆಂಬರಿನ ಚಳಿಯಲ್ಲಿ ಇಡ್ಲಿಯ ಹಿಟ್ಟು ಉಬ್ಬದೆಂದು ಮನೆಯವರು ಕೊರಗುವುದು ನಮಗೆ ಪರಿಚಿತ. ಹಿಟ್ಟಿನಲ್ಲಿ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಗಳು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಚಳಿಗೆ ಆ ಜೀವಿಗಳು ಮಂದವಾಗುತ್ತವೆ, ಸಾಯುವುದಿಲ್ಲ. ಸೋಡ ಹಾಕಿದರೆ ಗುಳ್ಳೆ ಬಂದೀತು, ಹುಳಿಯ ಸೊಗಸು ಬಾರದು. ಪಾತ್ರೆಯನ್ನು ಆರಿದ ಒಲೆಯ ಬಳಿ ಬೆಚ್ಚಗಿಟ್ಟು ಇನ್ನೂ ನಾಲ್ಕು ಗಂಟೆ ಕಾಯುವುದು ಮೇಲು.