ಆರು ರುಚಿ, ಅರವತ್ತಮೂರು ಬಗೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಈ ಮೂರು ಊರುಗಳು ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆಯಲ್ಲಿ ಒಂದು ತ್ರಿಕೋನದ ಮೂಲೆಗಳಂತಿವೆ. ಯಾವ ಊರಿನಿಂದ ಹೊರಟರೂ ಮಿಕ್ಕ ಎರಡಕ್ಕೂ ರಸ್ತೆಯುಂಟು. ಒಂದು ಶಾಲೆಯ ವಿದ್ಯಾರ್ಥಿಗಳು ಮೂರನ್ನೂ ನೋಡಿಬರಲು ಹೊರಟರೆಂದು ಭಾವಿಸೋಣ. ಮೊದಲು ನೋಡುವ ಊರನ್ನು 3 ಬಗೆಯಾಗಿ ಆರಿಸಬಹುದು, ಎರಡನೆಯದಕ್ಕೆ ಉಳಿಯುವುವು 2, ಕೊನೆಯದಕ್ಕೆ 1. ಒಟ್ಟು 6 ಕ್ರಮಗಳು. ವೇಳೆ ಸಾಲದೆ ಎರಡೇ ಊರುಗಳನ್ನು ನೋಡಬೇಕಾಗಿ ಬಂದರೆ, ಎಷ್ಟು ಜೊತೆಗಳು ದೊರೆಯುವುವು? ಮೂರೇ. ಬಂಟ್ವಾಳ-ಬೆಳ್ತಂಗಡಿ ಎಂದರೂ ಬೆಳ್ತಂಗಡಿ-ಬಂಟ್ವಾಳ ಎಂದರೂ ಜೊತೆ ಒಂದೇ ಅಲ್ಲವೆ?

ಮೊದಲನೆಯ ಬಗೆಯ ಎಣಿಕೆಗೆ ಪಠ್ಯಪುಸ್ತಕಗಳು ಕ್ರಮಯೋಜನೆಯೆಂದೂ ಎರಡನೆಯದಕ್ಕೆ ವಿಕಲ್ಪವೆಂದೂ ಹೆಸರಿಟ್ಟಿವೆ. ಹೆಸರುಗಳನ್ನೂ ಸೂತ್ರಗಳನ್ನೂ ವಿದ್ಯಾರ್ಥಿಗಳು ಚೆನ್ನಾಗಿಯೇ ಬಾಯಿಪಾಠ ಮಾಡುತ್ತಾರೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಲೆಕ್ಕವೊಂದು ಎದುರಾದಾಗ, ಯಾವ ಸೂತ್ರವನ್ನು ಎಲ್ಲಿ ಹಚ್ಚಬೇಕೆಂದು ತಿಳಿಯದೆ ಲೇಖನಿಯನ್ನು ಕಚ್ಚುತ್ತ ಕುಳಿತುಬಿಡುತ್ತಾರೆ. ಇದು ಅವರ ಬುದ್ಧಿಯ ದೋಷವಲ್ಲ. ಎಣಿಸುವುದಕ್ಕೆ ಮೊದಲೇ ಸೂತ್ರವನ್ನು ಕೈಗೆ ಕೊಟ್ಟುದರ ಫಲವೆಂದು ನಮ್ಮ ಅಭಿಪ್ರಾಯ. ಚಿಕ್ಕ ಸಂಖ್ಯೆಗಳನ್ನು ತೆಗೆದುಕೊಂಡು, ಆಗಬಹುದಾದ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬರೆಯಿಸಿ, 'ಇವೆರಡನ್ನು ಅದಲುಬದಲು ಮಾಡಿದರೆ ಹೊಸತೇನಾದರೂ ಹುಟ್ಟುವುದೆ?' ಎಂದು ಕೇಳುವ ಉಪಾಧ್ಯಾಯರ ತರಗತಿಯಲ್ಲಿ ಸೂತ್ರವು ತಾನಾಗಿಯೇ ಹೊರಬೀಳುತ್ತದೆ.

ಇಂತಹ ಪಾಠಕ್ಕೆ ಬೇಕಾದ ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಮಿಶ್ರಕ ವ್ಯವಹಾರದಲ್ಲಿ ವಿಕಲ್ಪಗಳ ಸಾಮಾನ್ಯ ನಿಯಮವಿದೆ. ನಿಯಮದ ಹಿಂದೆಯೇ ಷಡ್ರಸಗಳ ಪ್ರಶ್ನೆಯೂ ಇದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಇವನ್ನು ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುವುವು?

ನಿಯಮವು ಹೀಗಿದೆ: 1ರಿಂದ 6ರವರೆಗಿನ ಅಂಕಗಳನ್ನು ಮೇಲಿನ ಸಾಲಿನಲ್ಲಿ ಏರುತ್ತ ಬರೆಯಿರಿ, ಅವುಗಳ ಕೆಳಗೆ 6ರಿಂದ 1ರವರೆಗೆ ಇಳಿಯುತ್ತ ಬರೆಯಿರಿ. ಮೂರು ಮೂರು ರುಚಿಗಳ ಬೆರಕೆ ಬೇಕಾದರೆ ಬಲಗಡೆಯಿಂದ ಮೂರು ಮನೆಗಳನ್ನು ಎಣಿಸಿ, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಿರಿ. ಮೇಲೆ 6 × 5 × 4 = 120; ಕೆಳಗೆ 1 × 2 × 3 = 6; ಉತ್ತರ 20. ಭಾಗಿಸುವುದೇಕೆ? ಹುಳಿ-ಉಪ್ಪು-ಖಾರವನ್ನು ಆರು ಕ್ರಮಗಳಲ್ಲಿ ಹೇಳಬಹುದು, ಆದರೆ ನಾಲಗೆಗೆ ಅದು ಒಂದೇ ಸಾರು! 120ರಲ್ಲಿ ಪ್ರತಿಯೊಂದು ಬೆರಕೆಯೂ ಆರಾರು ಸಲ ಸೇರಿಹೋಗಿದೆ. ಒಂದೊಂದೇ ರುಚಿಯಿಂದ ಆರೂ ಕೂಡಿದ ರುಚಿಯವರೆಗೆ ಲೆಕ್ಕ ಹಾಕಿದರೆ 6, 15, 20, 15, 6, 1, ಒಟ್ಟು 63. ಫ್ರಾನ್ಸಿನ ಪಿಯೆರ್ ಎರಿಗೋನನ ಗ್ರಂಥದಲ್ಲಿ ಈ ನಿಯಮವು ಕಾಣಿಸಿಕೊಂಡುದು 1634ರಲ್ಲಿ.

ಮೂಡಬಿದಿರೆಗೂ ಈ ಗ್ರಂಥಕ್ಕೂ ಒಂದು ನಂಟುಂಟು. ಸಾವಿರ ಕಂಬದ ಬಸದಿಯನ್ನು ನೋಡಲು ಹೋಗುವವರಲ್ಲಿ ಇದನ್ನು ಬಲ್ಲವರು ವಿರಳ. ಮದರಾಸಿನ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಮಾಡಿಸಿದರು. ಅವರಿಗೆ ದೊರೆತ ಕೆಲವು ಹಸ್ತಪ್ರತಿಗಳಲ್ಲಿ ಗ್ರಂಥದ ಒಂದು ಭಾಗ ಮಾತ್ರವಿದ್ದಿತು. ಮೂಡಬಿದಿರೆಯ ಜೈನ ಮಠದಲ್ಲಿದ್ದ ಪ್ರತಿಯಿಂದ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡ ನಕಲಿನಲ್ಲಾದರೋ ಗ್ರಂಥವು ಸಮಗ್ರವಾಗಿತ್ತು. ಅಷ್ಟೇ ಅಲ್ಲ, ಲೆಕ್ಕಗಳ ಸಾರಾಂಶವೂ ಉತ್ತರಗಳೂ ಕನ್ನಡದಲ್ಲಿಯೇ ಇದ್ದುವು. ಕನ್ನಡದಲ್ಲಿ ಗಣಿತವನ್ನು ಹೇಳಿಕೊಡಲಾಗದೆಂದು ವಾದಿಸುವವರಿಗೆ ಆ ಪ್ರತಿಯನ್ನು ತೋರಿಸಬೇಕೆಂದು ನಮಗೆ ಅನೇಕ ಸಲ ಅನಿಸಿದೆ.

ಇನ್ನು, ಜಾಣ ವಿದ್ಯಾರ್ಥಿಗಳೂ ಮುಗ್ಗರಿಸುವ ಒಂದು ಲೆಕ್ಕ. ನಾಲ್ವರು ಹುಡುಗರು, ಮೂವರು ಹುಡುಗಿಯರು; ಇವರಿಂದ ಮೂವರ ಸಮಿತಿಯಾಗಬೇಕು; ಅದರಲ್ಲಿ ಒಬ್ಬಳಾದರೂ ಹುಡುಗಿಯಿರಬೇಕು. 'ಮೊದಲು ಒಬ್ಬ ಹುಡುಗಿಯನ್ನು 3 ಬಗೆಯಾಗಿ ಆರಿಸೋಣ; ಉಳಿದ ಆರು ಜನರಲ್ಲಿ ಇಬ್ಬರನ್ನು 15 ಬಗೆಯಾಗಿ ಆರಿಸೋಣ; 3 × 15 = 45' ಎಂದು ಹೆಚ್ಚಿನವರು ಬರೆಯುತ್ತಾರೆ. ವಾದವು ನಿರ್ದುಷ್ಟವಾಗಿ ತೋರುತ್ತದೆ. ಆದರೆ ಏಳು ಜನರಿಂದ ಯಾವ ನಿಬಂಧನೆಯೂ ಇಲ್ಲದೆ ಮೂವರನ್ನು ಆರಿಸುವ ಬಗೆಗಳೇ 35! ನಿಬಂಧನೆ ಹಾಕಿದ ಮೇಲೆ ಸಂಖ್ಯೆ ಬೆಳೆಯುವುದುಂಟೆ?

ತಪ್ಪು ಎಲ್ಲಿದೆಯೆಂದು ಹುಡುಕುವುದೇ ಇಲ್ಲಿ ನಿಜವಾದ ಪಾಠ. ಇಬ್ಬರು ಹುಡುಗಿಯರಿರುವ ಸಮಿತಿಯನ್ನು ನೋಡಿರಿ: 'ಮೊದಲು ಆರಿಸಿದವಳು' ಇಬ್ಬರಲ್ಲಿ ಯಾರಾದರೂ ಆಗಬಹುದಾದುದರಿಂದ ಆ ಸಮಿತಿ ಎರಡು ಸಲ ಎಣಿಕೆಗೆ ಬಂದಿದೆ. ಮೂವರೂ ಹುಡುಗಿಯರಾದರೆ ಮೂರು ಸಲ. ಒಬ್ಬಳೇ ಇರುವ ಸಮಿತಿಗಳು 18, ಇಬ್ಬರಿರುವುವು 12, ಮೂವರಿರುವುದು 1. ನಿಜವಾದ ಮೊತ್ತ 31. 18ಕ್ಕೆ 12ರ ಇಮ್ಮಡಿಯನ್ನೂ 1ರ ಮುಮ್ಮಡಿಯನ್ನೂ ಕೂಡಿಸಿದರೆ ಆ 45 ಎಲ್ಲಿಂದ ಬಂದಿತೆಂಬುದೂ ಬೆಳಕಿಗೆ ಬರುವುದು. ಸುಲಭವಾದ ದಾರಿಯೂ ಒಂದುಂಟು: ಹುಡುಗಿಯರೇ ಇಲ್ಲದ ಸಮಿತಿಗಳು 4, 35ರಲ್ಲಿ 4 ಕಳೆದರೆ 31. ಆದರೆ ಈ ದಾರಿಯನ್ನು ಮೊದಲೇ ತೋರಿಸಿಬಿಟ್ಟರೆ ವಿದ್ಯಾರ್ಥಿಯು 45ರ ಮೋಸವನ್ನು ಎಂದಿಗೂ ಅರಿಯಲಾರನು.

ಮಹಾವೀರಾಚಾರ್ಯನ ಇನ್ನೊಂದು ಪ್ರಶ್ನೆಗೂ ಉತ್ತರವು 31ೇ ಆಗಿರುವುದು ಕೇವಲ ಆಕಸ್ಮಿಕ. ವಜ್ರ, ನೀಲ, ಪಚ್ಚೆ, ಹವಳ, ಮುತ್ತು, ಈ ಐದರಿಂದ ಎಷ್ಟು ಬಗೆಯ ಹಾರಗಳಾಗುವುವು? ಪ್ರತಿಯೊಂದು ರತ್ನವೂ ಹಾರದಲ್ಲಿ ಇರಬಹುದು, ಇಲ್ಲದಿರಬಹುದು. ಎರಡನ್ನು ಐದು ಸಲ ಗುಣಿಸಿದರೆ 32. ಏನೂ ಇಲ್ಲದ ಬರಿಯ ದಾರವನ್ನು ಬಿಟ್ಟರೆ 31. ಷಡ್ರಸಗಳಿಗೂ ಇದೇ ಉಪಾಯ ಸಲ್ಲುವುದು: 64ರಲ್ಲಿ ಒಂದು ಕಳೆದರೆ 63.

ಈಗ ಐದು ರತ್ನಗಳಲ್ಲಿ ಒಂದೊಂದನ್ನು ತೆಗೆದುಕೊಂಡು ದುಂಡಗೆ ಪೋಣಿಸಿರಿ. ಮಣಿಗಳು ಯಾವುದರ ಪಕ್ಕದಲ್ಲಿ ಯಾವುದಿದೆಯೆಂಬುದೂ ಮುಖ್ಯವಾಗಲಿ. ಹಾರವನ್ನು ತಿರುಗಿಸಿದರೂ ಮಗುಚಿ ಹಾಕಿದರೂ ಅದೇ ಹಾರವೆಂದು ಎಣಿಸಬೇಕು. ಉತ್ತರವು 12 ಬರಬೇಕು. 120ನ್ನು ಯಾವ ಸಂಖ್ಯೆಯಿಂದ, ಏತಕ್ಕಾಗಿ ಭಾಗಿಸಬೇಕೆಂಬುದನ್ನು ವಾಚಕರೇ ಕಂಡುಕೊಳ್ಳಲಿ.